ಕತ್ತಲೆಯಲ್ಲಿ ನಿಂತು ನೋಡುತ್ತಿದ್ದ ಹುಡುಗ

ಐರ್ಲೆಂಡಿನ ಲೇಖಕ ಜೇಮ್ಸ್ ಜಾಯ್ಸ್ ಬರೆದ 'ಅರಬಿ' ಕಥೆಯಲ್ಲಿ ಏನಿದೆ ಅಂತ ಓದಿದವರನ್ನು ಕೇಳಿದರೆ ಹೆಚ್ಚಾಗಿ ಒಂದೇ ಉತ್ತರ ಬರುತ್ತದೆ. ಬೆಳಕು ಮತ್ತು ಕತ್ತಲೆ. ಬೆಳಕು ಅಂದರೆ ಆಸೆ, ಕನಸು, ಹುಡುಗಿ. ಕತ್ತಲೆ ಅಂದರೆ ಡಬ್ಲಿನ್ನಿನ ಮಂಕು ಬೀದಿ, ಕೊನೆಗೆ ಎದುರಾಗುವ ನಿರಾಸೆ. ಪಾಠ ಮಾಡುವವರು ಹೀಗೇ ಹೇಳುತ್ತಾರೆ, ಪರೀಕ್ಷೆ ಬರೆಯುವವರು ಹೀಗೇ ಬರೆಯುತ್ತಾರೆ. ನನಗೆ ಈ ಕಥೆ ತುಂಬಾ ಇಷ್ಟ, ಅದಕ್ಕೇ ಈ ಉತ್ತರ ಸಾಕಾಗುವುದಿಲ್ಲ. ನಿಧಾನವಾಗಿ ಓದಿದರೆ ಶುರುವಿನಲ್ಲೇ ಈ ಲೆಕ್ಕ ತಾಳೆಯಾಗುವುದಿಲ್ಲ. ಯಾಕೆಂದರೆ ಅಲ್ಲಿ ಸುಖ ಇರುವುದು ಕತ್ತಲೆಯಲ್ಲಿ.

ಚಳಿಗಾಲ. ಊಟ ಸರಿಯಾಗಿ ಮುಗಿಯುವ ಮೊದಲೇ ಮಬ್ಬಾಗುತ್ತದೆ. ಹುಡುಗರು ಬೀದಿಗೆ ಓಡುತ್ತಾರೆ. ಮೇಲೆ ಆಕಾಶ ನೇರಳೆ ಬಣ್ಣದಲ್ಲಿ ಗಳಿಗೆಗೊಂದು ಛಾಯೆಗೆ ತಿರುಗುತ್ತಿದೆ, ಬೀದಿದೀಪಗಳು ಅದರ ಕಡೆಗೆ ಬಡಪಾಯಿ ಬೆಳಕನ್ನು ಎತ್ತಿ ಹಿಡಿದಿವೆ. ತಣ್ಣನೆ ಗಾಳಿ ಕಚ್ಚುತ್ತದೆ, ಮೈ ಬಿಸಿಯೇರಿ ಹೊಳೆಯುವ ತನಕ ಆಡುತ್ತಾರೆ. ಮನೆಗಳ ಹಿಂದಿನ ಕೆಸರು ಓಣಿಗಳು, ಬೂದಿಗುಂಡಿಯ ವಾಸನೆ ಬರುವ ತೊಟ್ಟಿಕ್ಕುವ ತೋಟಗಳು, ಕುದುರೆ ಲಾಯ, ಅಲ್ಲಿ ಸಾರಥಿಯೊಬ್ಬ ಕುದುರೆಯ ಮೈ ಬಾಚುತ್ತಲೋ ಅದರ ಸಜ್ಜನ್ನು ಅಲ್ಲಾಡಿಸಿ ಸಂಗೀತ ಹೊರಡಿಸುತ್ತಲೋ ಇರುತ್ತಾನೆ. ಇಷ್ಟು ಜೀವ ಈ ಕಥೆಯಲ್ಲಿ ಮತ್ತೆಲ್ಲೂ ಇಲ್ಲ. ಇದೆಲ್ಲ ನಡೆಯುವುದು ಕತ್ತಲೆಯಲ್ಲಿ. ಅವರು ಬೀದಿಗೆ ಮರಳುವಾಗ ಅಡುಗೆಮನೆಗಳ ಕಿಟಕಿಯಿಂದ ಬೆಳಕು ಹೊರಗೆ ಚೆಲ್ಲಿರುತ್ತದೆ. ಕಥೆ ಹೇಳುವ ಹುಡುಗನ ಚಿಕ್ಕಪ್ಪ ಮೂಲೆ ತಿರುಗಿ ಬರುವುದು ಕಂಡರೆ ಹುಡುಗರು ನೆರಳಿಗೆ ಸರಿದುಬಿಡುತ್ತಾರೆ. ಅವನು ಮನೆಯೊಳಗೆ ಹೋಗುವ ತನಕ ಅಲ್ಲೇ ಅಡಗಿರುತ್ತಾರೆ.

ಅಂದರೆ ಬೆಳಕು ದೊಡ್ಡವರದು. ನೆರಳು ಮಕ್ಕಳದು. ಬೆಳಕಿಗೆ ಬಂದರೆ ಕಾಣಿಸಿಕೊಳ್ಳುತ್ತೀರಿ, ಕಾಣಿಸಿಕೊಂಡರೆ ಒಳಗೆ ಕರೆಯುತ್ತಾರೆ. ನೆರಳಿನಲ್ಲಿದ್ದರೆ ನಿಮಗೆ ಎಲ್ಲ ಕಾಣುತ್ತದೆ, ನೀವು ಯಾರಿಗೂ ಕಾಣುವುದಿಲ್ಲ. ಇದು ಬಾಲ್ಯದ ದೊಡ್ಡ ಸವಲತ್ತು ಅಲ್ವಾ? ಜಾಯ್ಸ್ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಆಟದ ವಿವರದ ಒಳಗೆ ಸುಮ್ನೆ ಇಟ್ಟು ಮುಂದೆ ಹೋಗುತ್ತಾನೆ. ನನ್ನ ಪ್ರಕಾರ ಇಡೀ ಕಥೆ ನಿಂತಿರುವುದು ಈ ಸಣ್ಣ ವಿವರದ ಮೇಲೆ. ಇಲ್ಲಿ ಎದುರುಬದುರಾಗಿರುವುದು ಆಸೆ ಮತ್ತು ನಿರಾಸೆ ಅನ್ನುವುದಕ್ಕಿಂತ ಹೆಚ್ಚಾಗಿ ನೋಡುವವನು ಮತ್ತು ನೋಡಿಸಿಕೊಳ್ಳುವವನು. ಹುಡುಗ ಮೊದಲಿನಿಂದ ಕೊನೆಯವರೆಗೆ ನೋಡುವವನಾಗಿಯೇ ಇರುತ್ತಾನೆ, ಕೊನೆಯ ವಾಕ್ಯದಲ್ಲಿ ಮಾತ್ರ ತನಗೇ ಕಾಣಿಸಿಕೊಳ್ಳುತ್ತಾನೆ. ಅವನು ದೊಡ್ಡವನಾಗುವುದು ಅಲ್ಲಿ.

ಓದದವರಿಗಾಗಿ ಕಥೆ ಹೇಳಿಬಿಡುತ್ತೇನೆ, ಬಹಳ ಚಿಕ್ಕದು. ಡಬ್ಲಿನ್ನಿನ ನಾರ್ತ್ ರಿಚ್ಮಂಡ್ ಸ್ಟ್ರೀಟ್ ಮುಂದೆ ದಾರಿಯಿಲ್ಲದ ಬೀದಿ. ಅಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಬೆಳೆಯುವ ಒಬ್ಬ ಹುಡುಗ. ಗೆಳೆಯ ಮ್ಯಾಂಗನ್‌ನ ಅಕ್ಕನ ಮೇಲೆ ಅವನಿಗೆ ಮನಸ್ಸು. ಒಂದು ದಿನ ಅವಳೇ ಮಾತಾಡಿಸಿ, ಅರಬಿ ಅನ್ನುವ ಬಜಾರಿಗೆ ಹೋಗುತ್ತೀಯಾ ಅಂತ ಕೇಳುತ್ತಾಳೆ. ಆ ವಾರ ಕಾನ್ವೆಂಟಿನಲ್ಲಿ ಧ್ಯಾನಕೂಟ ಇರುವುದರಿಂದ ಅವಳಿಗೆ ಹೋಗಲಾಗದು. ಹೋದರೆ ನಿನಗೆ ಏನಾದರೂ ತರುತ್ತೇನೆ ಅನ್ನುತ್ತಾನೆ ಇವನು. ಶನಿವಾರ ರಾತ್ರಿ ಚಿಕ್ಕಪ್ಪ ತಡವಾಗಿ ಬರುತ್ತಾನೆ, ದುಡ್ಡು ತಡವಾಗಿ ಸಿಗುತ್ತದೆ, ಹುಡುಗ ತಲುಪುವ ಹೊತ್ತಿಗೆ ಬಜಾರು ಮುಚ್ಚುತ್ತಿದೆ. ಏನೂ ಕೊಳ್ಳುವುದಿಲ್ಲ. ದೀಪ ಆರುತ್ತದೆ. ಇಷ್ಟೇ.

ಇದನ್ನು ಬರೆದಿದ್ದು 1905ರಲ್ಲಿ, ಟ್ರಿಯೆಸ್ಟ್ ನಗರದಲ್ಲಿ, ಜಾಯ್ಸ್‌ಗೆ ಆಗ 23 ವರ್ಷ. ಪುಸ್ತಕವಾಗಿ ಹೊರಬಂದಿದ್ದು 1914ರಲ್ಲಿ, 'ಡಬ್ಲಿನರ್ಸ್' ಸಂಕಲನದ 15 ಕಥೆಗಳಲ್ಲಿ ಮೂರನೆಯದಾಗಿ.

ಈಗ ಬೆಳಕಿನ ವಿಷಯಕ್ಕೆ ಬರುತ್ತೇನೆ. ಹುಡುಗಿ ನಮಗೆ ಬೆಳಕಿನಲ್ಲಿ ಕಾಣುವುದು ಮೂರು ಸಲ. ಮೊದಲ ಸಲ ಅವಳು ತಮ್ಮನನ್ನು ಚಹಾಕ್ಕೆ ಕರೆಯಲು ಮೆಟ್ಟಿಲ ಮೇಲೆ ಬಂದು ನಿಂತಿದ್ದಾಳೆ. ಹಿಂದೆ ಅರ್ಧ ತೆರೆದ ಬಾಗಿಲು, ಬೆಳಕು ಅಲ್ಲಿಂದ ಬರುತ್ತಿದೆ. ಹಿಂದಿನಿಂದ ಬೆಳಕು ಬಿದ್ದರೆ ಏನು ಕಾಣುತ್ತದೆ? ಮುಖ ಕಾಣುವುದಿಲ್ಲ. ಆಕಾರ ಕಾಣುತ್ತದೆ. ಮೈ ಅಲುಗಿದರೆ ಬಟ್ಟೆ ಓಲಾಡುವುದು ಕಾಣುತ್ತದೆ, ಜಡೆ ಆಚೀಚೆ ತೂಗುವುದು ಕಾಣುತ್ತದೆ. ಹುಡುಗ ಇದನ್ನೇ ಹೇಳುತ್ತಾನೆ, ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಎರಡನೆಯ ಸಲ ಅವಳು ಅವನ ಜೊತೆ ಮಾತಾಡುತ್ತಿರುವಾಗ. ಬೆಳ್ಳಿ ಬಳೆಯನ್ನು ಮಣಿಕಟ್ಟಿನ ಸುತ್ತ ತಿರುಗಿಸುತ್ತಾ, ಕಬ್ಬಿಣದ ಬೇಲಿಯ ಚೂಪು ತುದಿಯೊಂದನ್ನು ಹಿಡಿದುಕೊಂಡು, ತಲೆ ಬಾಗಿಸಿ ನಿಂತಿದ್ದಾಳೆ. ಎದುರಿನ ಬೀದಿದೀಪದ ಬೆಳಕು ಕತ್ತಿನ ಬಿಳಿ ತಿರುವಿನ ಮೇಲೆ ಬೀಳುತ್ತದೆ, ಅಲ್ಲಿಂದ ಕೂದಲಿಗೆ, ಅಲ್ಲಿಂದ ಬೇಲಿ ಹಿಡಿದ ಕೈಗೆ, ಆಮೇಲೆ ಕೆಳಗೆ ಒಳಲಂಗದ ಬಿಳಿ ಅಂಚಿಗೆ. ಇಲ್ಲಿ ಅವಳು ಅಷ್ಟು ಹತ್ತಿರ ಇದ್ದಾಳೆ, ಅವನ ಜೊತೆ ಮಾತಾಡುತ್ತಿದ್ದಾಳೆ, ಆದರೂ ಮುಖ ಇಲ್ಲ. ಬೆಳಕು ಅವಳನ್ನು ತುಂಡು ತುಂಡಾಗಿ ತೋರಿಸುತ್ತಿದೆ. ಒಬ್ಬ ಸಿನಿಮಾ ಛಾಯಾಗ್ರಾಹಕ ಕೂಡ ಇಷ್ಟು ಎಚ್ಚರದಿಂದ ಬೆಳಕು ಇಡಲಾರ ಅನ್ನಿಸುತ್ತದೆ ನನಗೆ.

ಮೂರನೆಯ ಸಲ ಅವಳು ಇಲ್ಲವೇ ಇಲ್ಲ. ಶನಿವಾರ ಸಂಜೆ ಚಿಕ್ಕಪ್ಪನಿಗಾಗಿ ಕಾಯುತ್ತಾ ಹುಡುಗ ಮಹಡಿ ಹತ್ತುತ್ತಾನೆ. ಎತ್ತರದ, ಖಾಲಿ, ತಣ್ಣನೆ ಕೋಣೆಗಳು. ಕಿಟಕಿಯ ಗಾಜಿಗೆ ಹಣೆ ಒತ್ತಿ ಎದುರಿನ ಅವಳ ಮನೆ ನೋಡುತ್ತಾನೆ. ಮನೆ ಕತ್ತಲಾಗಿದೆ. ಆದರೂ ಅವನಿಗೆ ಅವಳು ಕಾಣುತ್ತಾಳೆ. ಅದೇ ಕತ್ತಿನ ತಿರುವು, ಬೇಲಿಯ ಮೇಲಿನ ಅದೇ ಕೈ, ಅದೇ ಬಟ್ಟೆಯ ಅಂಚು, ಅದೇ ದೀಪದ ಬೆಳಕು. ತನ್ನ ಕಲ್ಪನೆ ಎರಚಿದ ರೂಪ ಅದು ಅಂತ ಕಥೆಯೇ ಹೇಳುತ್ತದೆ. ಮೊದಲು ಮನೆಯ ಬೆಳಕು, ಆಮೇಲೆ ಬೀದಿಯ ಬೆಳಕು, ಕೊನೆಗೆ ತಲೆಯೊಳಗಿನ ಬೆಳಕು. ಒಂದೊಂದು ಮೆಟ್ಟಿಲಿಗೂ ಹುಡುಗಿ ಕಡಿಮೆಯಾಗುತ್ತಾ ಹೋಗುತ್ತಾಳೆ, ಬೆಳಕು ಉಳಿಯುತ್ತದೆ. ಅವಳ ಹೆಸರು ಕೇಳಿದರೆ ತನ್ನ ರಕ್ತಕ್ಕೆಲ್ಲ ಕರೆ ಬಂದಂತಾಗುತ್ತಿತ್ತು ಅನ್ನುತ್ತಾನಲ್ಲ, ಆ ಹೆಸರನ್ನು ನಮಗೆ ಕೊನೆಯವರೆಗೂ ಹೇಳುವುದಿಲ್ಲ. ಮುಖವೂ ಇಲ್ಲ, ಹೆಸರೂ ಇಲ್ಲ. ಮೊದಲ ಪ್ರೀತಿಯ ಬಗ್ಗೆ ಇಷ್ಟು ನಿಜವಾದ ಮಾತನ್ನು ಇಷ್ಟು ಮೌನವಾಗಿ ಹೇಳಿದ ಇನ್ನೊಂದು ಕಥೆ ನನಗೆ ನೆನಪಿಗೆ ಬರುತ್ತಿಲ್ಲ.

ಆ ಮೂರನೆಯ ದೃಶ್ಯದಲ್ಲಿ ಇನ್ನೊಂದು ವಿವರ ಇದೆ, ಸುಲಭವಾಗಿ ಕೈತಪ್ಪುತ್ತದೆ. ಕಿಟಕಿಯಿಂದ ಕೆಳಗೆ ನೋಡಿದರೆ ಗೆಳೆಯರು ಬೀದಿಯಲ್ಲಿ ಆಡುತ್ತಿದ್ದಾರೆ. ಅವರ ಕೂಗು ಅವನಿಗೆ ಸೋತು, ಅಸ್ಪಷ್ಟವಾಗಿ ಕೇಳುತ್ತದೆ. ಶುರುವಿನಲ್ಲಿ ಇವನೂ ಆ ಕೂಗಿನ ಒಳಗಿದ್ದ. ಈಗ ಒಂದು ಗಾಜು ನಡುವೆ ಬಂದಿದೆ. ಹುಡುಗ ಬಾಲ್ಯದಿಂದ ದೂರವಾದ ಅಂತ ಬರೆಯಲು ಒಂದು ವಾಕ್ಯ ಸಾಕಿತ್ತು. ಜಾಯ್ಸ್ ಅದರ ಬದಲು ಅವನನ್ನು ಒಂದು ಮಹಡಿ ಮೇಲಕ್ಕೆ ಹತ್ತಿಸುತ್ತಾನೆ.

ಬೆಳಕಿಗಿಂತ ನನ್ನನ್ನು ಜಾಸ್ತಿ ಹಿಡಿದಿಟ್ಟಿರುವುದು ಸದ್ದು. ಇದರ ಬಗ್ಗೆ ಯಾಕೆ ಕಡಿಮೆ ಮಾತಾಡುತ್ತಾರೋ ಗೊತ್ತಿಲ್ಲ.

ಬಜಾರಿನ ಮಾತು ಬರುವ ಮೊದಲೇ, ಹುಡುಗ ಶನಿವಾರ ಸಂಜೆಗಳಲ್ಲಿ ಚಿಕ್ಕಮ್ಮನ ಜೊತೆ ಸಂತೆಗೆ ಹೋಗುತ್ತಾನೆ, ಸಾಮಾನಿನ ಚೀಲ ಹೊರಲು. ಕುಡುಕರು ತಳ್ಳುತ್ತಾರೆ, ಹೆಂಗಸರು ಚೌಕಾಸಿ ಮಾಡುತ್ತಾರೆ, ಕೂಲಿಯವರು ಬೈಯುತ್ತಾರೆ. ಹಂದಿಮಾಂಸದ ಪೀಪಾಯಿಗಳ ಪಕ್ಕ ಕಾವಲು ನಿಂತ ಅಂಗಡಿ ಹುಡುಗರು ಕೂಗುತ್ತಿದ್ದಾರೆ, ಬೀದಿ ಹಾಡುಗಾರರು ಮೂಗಿನಲ್ಲಿ ರಾಗ ಎಳೆಯುತ್ತಿದ್ದಾರೆ. ಇಂಥ ಗದ್ದಲದಲ್ಲಿ ಹುಡುಗನಿಗೆ ಏನನ್ನಿಸುತ್ತದೆ? ಬಲಿಪೂಜೆಯ ಪಾತ್ರೆಯನ್ನು ಶತ್ರುಗಳ ಗುಂಪಿನ ನಡುವೆ ಚೆಲ್ಲದಂತೆ ಹೊತ್ತು ಸಾಗುತ್ತಿದ್ದೇನೆ ಅಂತ. ಅಂಗಡಿ ಹುಡುಗರ ಕೂಗನ್ನು ಕಥೆ ಚರ್ಚಿನ ಪ್ರಾರ್ಥನೆಯ ಭಾಷೆಯಲ್ಲಿ ಹೇಳುತ್ತದೆ. ಅಂದರೆ ಅವನ ಕಿವಿಯಲ್ಲಿ ಸಂತೆ ಚರ್ಚಾಗಿದೆ. ಪಾದ್ರಿ ಎತ್ತಿ ಹಿಡಿಯುವ ಪಾತ್ರೆ ಅವನ ಕೈಯಲ್ಲಿದೆ, ಯಾರಿಗೂ ಕಾಣದ ಹಾಗೆ.

ಈಗ ಬಜಾರಿಗೆ ಬನ್ನಿ. ದೊಡ್ಡ ಸಭಾಂಗಣ, ಅರ್ಧ ಎತ್ತರದಲ್ಲಿ ಸುತ್ತಲೂ ಮೊಗಸಾಲೆ. ಬಹುತೇಕ ಮಳಿಗೆಗಳು ಮುಚ್ಚಿವೆ. ಜಾಸ್ತಿ ಭಾಗ ಕತ್ತಲೆಯಲ್ಲಿದೆ. ಅಲ್ಲಿನ ಮೌನ ಹುಡುಗನಿಗೆ ಚರ್ಚಿನಲ್ಲಿ ಪೂಜೆ ಮುಗಿದ ಮೇಲಿನ ಮೌನದಂತೆ ಕೇಳುತ್ತದೆ. ಸಂತೆಯ ಗದ್ದಲದಲ್ಲಿ ಅವನಿಗೆ ದೇವರ ಸನ್ನಿಧಿ ಇತ್ತು. ನಿಜವಾಗಿ ಚರ್ಚಿನಂತೆ ಮೌನವಾಗಿರುವ ಜಾಗಕ್ಕೆ ಬಂದಾಗ ಸನ್ನಿಧಿ ಖಾಲಿ. ಎರಡೂ ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಎಷ್ಟು ಕರಾರುವಾಕ್ಕಾಗಿ ಅದಲುಬದಲಾಗಿವೆ. ಸಂತೆಯಲ್ಲಿ ಪೀಪಾಯಿಗಳಿಗೆ ಕಾವಲು ನಿಂತ ಹುಡುಗರಿದ್ದರು, ಇಲ್ಲಿ ಮಳಿಗೆಯ ಕತ್ತಲ ಬಾಗಿಲಿನ ಎರಡೂ ಬದಿಗೆ ಪೂರ್ವದೇಶದ ಕಾವಲುಗಾರರಂತೆ ನಿಂತ ದೊಡ್ಡ ಜಾಡಿಗಳಿವೆ. ಅಲ್ಲಿ ಮನುಷ್ಯರು ಕಾವಲು, ಇಲ್ಲಿ ಜಾಡಿಗಳು. ಒಂದು ಕೆಫೆಯ ಮುಂದೆ ಬಣ್ಣದ ದೀಪಗಳ ಕೆಳಗೆ ಇಬ್ಬರು ಗಂಡಸರು ತಟ್ಟೆಯ ಮೇಲೆ ದುಡ್ಡು ಎಣಿಸುತ್ತಿದ್ದಾರೆ. ಹುಡುಗ ನಾಣ್ಯ ಬೀಳುವ ಸದ್ದು ಕೇಳುತ್ತಾ ನಿಲ್ಲುತ್ತಾನೆ. ಪಾತ್ರೆ ಇದ್ದ ಕಡೆ ತಟ್ಟೆ ಬಂದಿದೆ.

ಕೈಗಳನ್ನು ಹಿಂಬಾಲಿಸಿ ಈ ಕಥೆಯನ್ನು ಒಮ್ಮೆ ಓದಬೇಕು. ಪಾತ್ರೆ ಹಿಡಿದ ಕೈ. ಮಳೆ ಸುರಿಯುವ ಸಂಜೆ, ಹಿಂದೆ ಆ ಮನೆಯಲ್ಲಿ ಬಾಡಿಗೆಗಿದ್ದ ಪಾದ್ರಿ ಸತ್ತ ಕೋಣೆಯಲ್ಲಿ, ಎರಡೂ ಅಂಗೈ ಒತ್ತಿ ಒತ್ತಿ ನಡುಗುವ ತನಕ ಜೋಡಿಸಿ ಓ ಪ್ರೀತಿಯೇ ಅಂತ ಗೊಣಗುವ ಕೈ. ತನ್ನ ಮೈ ಒಂದು ಹಾರ್ಪ್ ವಾದ್ಯ, ಅವಳ ಮಾತು ಮತ್ತು ಹಾವಭಾವಗಳು ಅದರ ತಂತಿಗಳ ಮೇಲೆ ಓಡಾಡುವ ಬೆರಳುಗಳು ಅಂತ ಅವನು ಅಂದುಕೊಳ್ಳುವಾಗ ಬರುವ ಬೆರಳು. ಬೇಲಿಯ ಚೂಪು ತುದಿ ಹಿಡಿದ ಅವಳ ಕೈ. ಕೊನೆಗೆ ರಾತ್ರಿ ರೈಲು ಹಿಡಿಯಲು ಬಕಿಂಗ್‌ಹ್ಯಾಮ್ ಸ್ಟ್ರೀಟಿನಲ್ಲಿ ದಾಪುಗಾಲು ಹಾಕುವಾಗ ಅವನ ಮುಷ್ಟಿಯಲ್ಲಿರುವುದು ಒಂದು ಫ್ಲಾರಿನ್ ನಾಣ್ಯ. ಎರಡು ಶಿಲಿಂಗ್.

ಈ ಎರಡು ಶಿಲಿಂಗಿನ ಲೆಕ್ಕವನ್ನು ಜಾಯ್ಸ್ ಕೊನೆಯವರೆಗೂ ಬಿಡುವುದಿಲ್ಲ. ಆಗ ಒಂದು ಶಿಲಿಂಗಿಗೆ 12 ಪೆನ್ನಿ. ಬಜಾರಿನಲ್ಲಿ ಆರು ಪೆನ್ನಿಯ ಪ್ರವೇಶದ್ವಾರ ಹುಡುಗನಿಗೆ ಸಿಗುವುದಿಲ್ಲ, ಮುಚ್ಚಿಬಿಟ್ಟರೆ ಅನ್ನುವ ಭಯಕ್ಕೆ ದಣಿದ ಮುಖದ ಒಬ್ಬನ ಕೈಗೆ ಇಡೀ ಶಿಲಿಂಗ್ ಕೊಟ್ಟು ಗಡಿಬಿಡಿಯಲ್ಲಿ ಒಳಗೆ ನುಗ್ಗುತ್ತಾನೆ. ಕೊನೆಗೆ ಜೇಬಿನಲ್ಲಿ ಉಳಿದಿದ್ದು ಆರು ಪೆನ್ನಿಯ ಒಂದು ನಾಣ್ಯ ಮತ್ತು ಎರಡು ಬಿಡಿ ಪೆನ್ನಿ. ಎಂಟು ಪೆನ್ನಿ. ಆ ದುಡ್ಡಿನಲ್ಲಿ, ಹೂವಿನ ಚಿತ್ತಾರದ ಪಿಂಗಾಣಿ ಚಹಾ ಸೆಟ್ಟುಗಳ ಮುಂದೆ ನಿಂತು ಅವನು ಏನು ಕೊಳ್ಳಬಹುದಿತ್ತು? ದುಬಾರಿ ಅಂತ ಯಾರೂ ಹೇಳುವುದಿಲ್ಲ. ಅವನು ಆ ಎರಡು ಪೆನ್ನಿಗಳನ್ನು ಜೇಬಿನೊಳಗೆ ಆರು ಪೆನ್ನಿ ನಾಣ್ಯದ ಮೇಲೆ ಬೀಳಲು ಬಿಡುತ್ತಾನೆ, ಅಷ್ಟೇ. ಇಷ್ಟು ಹೊತ್ತು ಬಿಗಿಯಾಗಿ ಹಿಡಿದಿದ್ದ ಕೈ ಸಡಿಲವಾಯಿತು. ಪಾತ್ರೆ ಹಿಡಿದ ಕೈಯೇ ಇದು. ಸಂಕಟ, ಸೋಲು, ಬಡತನ ಅನ್ನುವ ಮಾತುಗಳ ಜಾಗದಲ್ಲಿ ಇಲ್ಲಿ ಮೂರು ನಾಣ್ಯದ ಕಿಣಿಕಿಣಿ ಇದೆ. ಪ್ರತಿಮೆ ಅಂದರೆ ಅಲಂಕಾರ ಅಂತ ತಿಳಿದವರಿಗೆ ಈ ವಾಕ್ಯ ತೋರಿಸಬೇಕು.

ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದು ವಿಷಯ ಗಮನಿಸಿ. ಕಥೆಯ ಕೊನೆಯಲ್ಲಿ ಹೊಸ ಪ್ರತಿಮೆ ಅಂತ ಯಾವುದೂ ಬರುವುದಿಲ್ಲ. ಚರ್ಚು, ಕಾವಲು, ಕೈ, ಕತ್ತಲೆ, ಬೆಳಕಿನಲ್ಲಿ ನಿಂತ ಹುಡುಗಿ, ಎಲ್ಲ ಮೊದಲೇ ಬಂದವು. ಬಜಾರಿನಲ್ಲೂ ಬಾಗಿಲಲ್ಲಿ ನಿಂತ ಒಬ್ಬ ಯುವತಿ ಇದ್ದಾಳೆ, ಮಳಿಗೆಯವಳು. ಇಬ್ಬರು ಯುವಕರ ಜೊತೆ ನಗುತ್ತಾ, ನಾನು ಹಾಗೆ ಹೇಳಲೇ ಇಲ್ಲ, ಹೇಳಿದೆ, ಇಲ್ಲ ಹೇಳಲಿಲ್ಲ ಅಂತ ಹುಸಿಜಗಳ ಆಡುತ್ತಿದ್ದಾಳೆ. ಅವರ ಮಾತಿನ ಧಾಟಿ ಇಂಗ್ಲೆಂಡಿನವರದು ಅಂತ ಹುಡುಗನಿಗೆ ಗೊತ್ತಾಗುತ್ತದೆ. ಮ್ಯಾಂಗನ್‌ನ ಅಕ್ಕನೂ ಬಾಗಿಲಲ್ಲೇ ನಿಲ್ಲುತ್ತಿದ್ದಳು, ಅಲ್ಲೂ ತಮ್ಮ ಅವಳನ್ನು ಕೀಟಲೆ ಮಾಡುತ್ತಿದ್ದ. ಅದೇ ನಿಲುವು, ಅದೇ ಕೀಟಲೆ. ಆದರೆ ಈ ಸಲ ಮಾತು ಪೂರ್ತಿ ಕೇಳುವಷ್ಟು ಹತ್ತಿರ, ಮತ್ತು ಆ ಮಾತಿನಲ್ಲಿ ಏನೂ ಇಲ್ಲ. ಬೆಳೆಯುವುದನ್ನು ತೋರಿಸಲು ಲೇಖಕರು ಸಾಮಾನ್ಯವಾಗಿ ಹೊಸ ಘಟನೆ ತರುತ್ತಾರೆ, ಒಂದು ಸಾವು, ಒಂದು ಪ್ರಯಾಣ, ಒಂದು ದ್ರೋಹ. ಜಾಯ್ಸ್ ಹಳೆಯದನ್ನೇ ಜಾಗ ಬದಲಿಸಿ ಇಡುತ್ತಾನೆ. ಹುಡುಗನ ಕಣ್ಣು ಬದಲಾಗಿದೆ ಅನ್ನುವುದು ನಮಗೆ ಗೊತ್ತಾಗುವುದು ವಸ್ತುಗಳು ಬದಲಾಗದೆ ಇರುವುದರಿಂದ.

ಈ ಬಜಾರು ನಿಜಕ್ಕೂ ನಡೆದದ್ದು. 1894ರ ಮೇ 14ರಿಂದ 19ರವರೆಗೆ ಡಬ್ಲಿನ್ನಿನಲ್ಲಿ, ಜರ್ವಿಸ್ ಸ್ಟ್ರೀಟ್ ಆಸ್ಪತ್ರೆಯ ಸಹಾಯಾರ್ಥ. 19 ಶನಿವಾರ, ಕೊನೆಯ ದಿನ. ಆಗ ಜಾಯ್ಸ್‌ಗೆ 12 ವರ್ಷ. ಅಂದರೆ ಶನಿವಾರ ರಾತ್ರಿ ಅನ್ನುವುದನ್ನು ಅವನು ಉಳಿಸಿಕೊಂಡಿದ್ದಾನೆ. ಮೇ ತಿಂಗಳನ್ನು ಬಿಟ್ಟಿದ್ದಾನೆ! ಮೇ ತಿಂಗಳಲ್ಲಿ ಆ ಊರಿನಲ್ಲಿ ಸಂಜೆ ಏಳಕ್ಕೂ ಬೆಳಕಿರುತ್ತದೆ. ಹಾಗಿದ್ದರೆ ಹುಡುಗರು ನೆರಳಿನಲ್ಲಿ ಅಡಗುವುದು ಹೇಗೆ, ಚಹಾದ ಹೊತ್ತಿಗೆ ಬಾಗಿಲಿನ ಬೆಳಕು ಅವಳ ಆಕಾರ ಬರೆಯುವುದು ಹೇಗೆ, ಅವಳು ಮಾತಾಡುವಾಗ ಬೀದಿದೀಪ ಕತ್ತಿನ ಮೇಲೆ ಬೀಳುವುದು ಹೇಗೆ? ಹಾಗಾಗಿ ಕಥೆ ಚಳಿಗಾಲದ ಗಿಡ್ಡ ಹಗಲುಗಳಿಂದ ಶುರುವಾಗುತ್ತದೆ, ಬಜಾರಿನ ದಿನದ ಬೆಳಗ್ಗೆಯೂ ಗಾಳಿ ನಿರ್ದಯವಾಗಿ ಕೊರೆಯುತ್ತಿರುತ್ತದೆ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಕತ್ತಲೆ ಈ ಕಥೆಗೆ ನೆನಪಿನಿಂದ ತಾನಾಗಿ ಬಂದದ್ದಲ್ಲ. ಬೇಕು ಅಂತ ತಂದದ್ದು. ಬೀದಿ ನಿಜ, ಶಾಲೆ ನಿಜ, ಬಜಾರು ನಿಜ, ಆ ಬೀದಿಯಲ್ಲಿ ಜಾಯ್ಸ್ ಕುಟುಂಬ ವಾಸವಿದ್ದದ್ದೂ ನಿಜ, ಋತು ಮಾತ್ರ ಅವನ ಆಯ್ಕೆ. ಆತ್ಮಕಥೆಯಂತೆ ಕಾಣುವ ಬರಹದಲ್ಲಿ ಲೇಖಕ ಎಲ್ಲಿ ಕೈಯಾಡಿಸಿದ ಅಂತ ಹುಡುಕಿದರೆ ಅವನಿಗೆ ಏನು ಬೇಕಿತ್ತು ಅನ್ನುವುದು ಸಿಕ್ಕಿಬಿಡುತ್ತದೆ.

ಬಣ್ಣದ ಬಗ್ಗೆಯೂ ಒಂದು ಮಾತು. ಮೊದಲ ಪ್ಯಾರಾದಲ್ಲೇ ಆ ಬೀದಿಯ ಮನೆಗಳು ಒಂದನ್ನೊಂದು ಕಂದು ಮುಖದಿಂದ ನೋಡುತ್ತಾ ನಿಂತಿವೆ, ತಮ್ಮೊಳಗೆ ಮರ್ಯಾದಸ್ಥ ಬದುಕು ನಡೆಯುತ್ತಿದೆ ಅನ್ನುವ ಅರಿವಿನಲ್ಲಿ. (ನೋಡಿ, ಇಲ್ಲೂ ನೋಡುವುದೇ! ಮನೆಗಳಿಗೂ ಕಣ್ಣಿದೆ.) ಕಂದು ಈ ಕಥೆಯಲ್ಲಿ ಮಂಕಿನ, ಜಡದ ಬಣ್ಣ ಅಂತ ಎಲ್ಲರೂ ಒಪ್ಪುತ್ತಾರೆ. ಆದರೆ ಹುಡುಗಿಯ ಬಟ್ಟೆ ಯಾವ ಬಣ್ಣ? ಕಂದು. ಬೆಳಗ್ಗೆ ಶಾಲೆಗೆ ಹೋಗುವಾಗ ಅವನು ಹಿಂಬಾಲಿಸುವುದು ಅವಳ ಕಂದು ಆಕೃತಿಯನ್ನು. ಕಿಟಕಿಯಲ್ಲಿ ನಿಂತು ಕಲ್ಪಿಸಿಕೊಳ್ಳುವುದೂ ಕಂದು ಬಟ್ಟೆ ತೊಟ್ಟ ಆಕೃತಿಯನ್ನು. ಬೀದಿಯಿಂದ ಬಿಡಿಸಿಕೊಂಡು ಹೋಗಲು ಅವನು ಹಿಡಿದ ದಾರಿ ಬೀದಿಯ ಬಣ್ಣದ್ದೇ. ಬರೀ ಬಿಳಿ ಒಂದು ಕಡೆ, ಬರೀ ಕಪ್ಪು ಇನ್ನೊಂದು ಕಡೆ ಇಟ್ಟು ಬರೆಯುವ ಕಥೆಗಳಲ್ಲಿ ಈ ನೋವು ಸಿಗುವುದಿಲ್ಲ. ಒಳ್ಳೆಯ ವೈರುಧ್ಯದಲ್ಲಿ ಎರಡು ಬದಿಗೂ ಒಂದು ನೂಲು ಹಾದಿರುತ್ತದೆ.

ಚಾರ್ಲ್ಸ್ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ನೆನಪಾಗುತ್ತದೆ, 1861ರಲ್ಲಿ ಮುಗಿದ ಕಾದಂಬರಿ. ಅಲ್ಲಿ ಪಿಪ್ ಅನ್ನುವ ಹುಡುಗ ಶ್ರೀಮಂತರ ಮನೆಯಲ್ಲಿ ಎಸ್ಟೆಲ್ಲಾ ಜೊತೆ ಇಸ್ಪೀಟು ಆಡುತ್ತಾನೆ. ಅವನ ಕೈ ಎಷ್ಟು ಒರಟು, ಬೂಟು ಎಷ್ಟು ದಪ್ಪ ಅಂತ ಅವಳು ಹೀಯಾಳಿಸುತ್ತಾಳೆ. ಅಲ್ಲಿಯವರೆಗೆ ಪಿಪ್‌ಗೆ ತನ್ನ ಕೈ ಅಂಥದ್ದು ಅಂತ ಅನ್ನಿಸಿರಲೇ ಇಲ್ಲ. ಅದೂ ಅದ್ಭುತ ದೃಶ್ಯವೇ, ಅದೂ ಹುಡುಗನೊಬ್ಬ ತನ್ನನ್ನು ತಾನು ಮೊದಲ ಸಲ ನೋಡಿಕೊಳ್ಳುವ ಗಳಿಗೆ. ಆದರೆ ಪಿಪ್‌ಗೆ ಕನ್ನಡಿ ಹಿಡಿಯಲು ಎಸ್ಟೆಲ್ಲಾ ಬೇಕಾಯಿತು. ಅವಳು ಬಾಯಿಬಿಟ್ಟು ಹೇಳಬೇಕಾಯಿತು. ಜಾಯ್ಸ್‌ನ ಹುಡುಗನಿಗೆ ಯಾರೂ ಏನೂ ಅನ್ನುವುದಿಲ್ಲ. ಮಳಿಗೆಯ ಯುವತಿ ಬಂದು ಏನಾದರೂ ಬೇಕಾ ಅಂತ ಕರ್ತವ್ಯಕ್ಕೆ ಕೇಳುತ್ತಾಳೆ, ಅವನು ಬೇಡ ಅನ್ನುತ್ತಾನೆ, ಅವಳು ಮರಳಿ ಹೋಗಿ ಒಂದೆರಡು ಸಲ ಹೆಗಲ ಮೇಲಿಂದ ತಿರುಗಿ ಇವನನ್ನು ನೋಡುತ್ತಾಳೆ. ಆ ನೋಟ ಸಾಕು. ಇಡೀ ಕಥೆಯಲ್ಲಿ ಯಾರಾದರೂ ಈ ಹುಡುಗನನ್ನು ಹೀಗೆ ದೂರದಿಂದ, ಅಪರಿಚಿತನಂತೆ ನೋಡುವುದು ಇದೇ ಮೊದಲು. ಅವನು ಅವಳ ಸಾಮಾನಿನಲ್ಲಿ ನಿಜವಾಗಿ ಆಸಕ್ತಿ ಇರುವವನ ಹಾಗೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಾನೆ, ಪ್ರಯೋಜನವಿಲ್ಲ ಅಂತ ಗೊತ್ತಿದ್ದೂ. ಅಂದರೆ ಅವನು ಈಗ ನಟಿಸುತ್ತಿದ್ದಾನೆ. ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದ ಮೇಲೆ ತಾನೇ ಮನುಷ್ಯ ನಟಿಸುವುದು? ಹಿಂದೆ ಅವನು ಪ್ರತಿ ಬೆಳಗ್ಗೆ ಮುಂದಿನ ಕೋಣೆಯ ನೆಲದ ಮೇಲೆ ಮಲಗಿ, ಕಿಟಕಿಯ ಪರದೆಯನ್ನು ಒಂದಿಂಚು ಬಿಟ್ಟು ಪೂರ್ತಿ ಇಳಿಸಿ, ಅವಳ ಬಾಗಿಲು ನೋಡುತ್ತಿದ್ದ. ಆ ಪರದೆ ಈಗ ಇಲ್ಲ.

ಹೇಳುವ ದನಿಯನ್ನೂ ಗಮನಿಸಬೇಕು. ಕಥೆ ಹೇಳುತ್ತಿರುವವನು ಆ ಹುಡುಗನೇ, ಆದರೆ ಹುಡುಗನಾಗಿಲ್ಲ. ತನ್ನ ರಕ್ತವನ್ನು ಮೂರ್ಖ ರಕ್ತ ಅನ್ನುತ್ತಾನೆ. ಲೆಕ್ಕವಿಲ್ಲದಷ್ಟು ಹುಚ್ಚುತನಗಳು ಹಗಲೂ ರಾತ್ರಿ ತನ್ನ ತಲೆಯನ್ನು ಹಾಳು ಮಾಡಿದವು ಅನ್ನುತ್ತಾನೆ. ಹನ್ನೆರಡರ ಹುಡುಗನ ಮಾತಲ್ಲ ಇವು. ಆಗ ನಾನು ಚಿಕ್ಕವನಾಗಿದ್ದೆ, ಈಗ ಗೊತ್ತಾಗಿದೆ ಅಂತ ಒಂದು ಸಲವೂ ಹೇಳುವುದಿಲ್ಲ. ಕಂಡದ್ದು ಹುಡುಗನಿಗೆ, ಮಾತು ದೊಡ್ಡವನದು, ಎರಡೂ ಒಂದೇ ವಾಕ್ಯದಲ್ಲಿ ಕೂತಿವೆ. ಪಾತ್ರೆ ಹೊತ್ತು ಸಾಗುವ ಪ್ರತಿಮೆಯನ್ನು ಓದುವಾಗ ನಮಗೆ ಆ ಹುಡುಗನ ಹೆಮ್ಮೆಯೂ ಮುಟ್ಟುತ್ತದೆ, ಆ ಹೆಮ್ಮೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಬಲ್ಲವನ ಸಂಕಟವೂ ಮುಟ್ಟುತ್ತದೆ. ಇಷ್ಟೆಲ್ಲ ಆದರೂ ದೊಡ್ಡವನಾದ ಆ ನಿರೂಪಕ ಹುಡುಗನನ್ನು ನೋಡಿ ಒಂದು ಸಲವೂ ನಗುವುದಿಲ್ಲ. ಅದಕ್ಕಾಗಿ ನನಗೆ ಈ ಕಥೆಯ ಮೇಲೆ ಗೌರವ ಇನ್ನೂ ಹೆಚ್ಚು. ತೋಟದ ನಡುವಿನ ಸೇಬಿನ ಮರ, ಅದರ ಹತ್ತಿರದ ಪೊದೆಯಡಿ ಬಿದ್ದ ಪಾದ್ರಿಯ ತುಕ್ಕು ಹಿಡಿದ ಸೈಕಲ್ ಪಂಪು, ಇವುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ನಾನು ಅಲ್ಲಿಗೆ ಹೋಗುವುದಿಲ್ಲ.

ಇದಕ್ಕೆ ಮುಂಚಿನ ಕಥೆ 'ಆ್ಯನ್ ಎನ್‌ಕೌಂಟರ್'ನಲ್ಲೂ ಹೀಗೊಂದು ಅದಲುಬದಲು ಇದೆ. ಶಾಲೆ ತಪ್ಪಿಸಿ ಹೊರಟ ಹುಡುಗ ಬಂದರಿನಲ್ಲಿ ಹಸಿರು ಕಣ್ಣಿನ ನಾವಿಕ ಯಾರಾದರೂ ಇದ್ದಾನಾ ಅಂತ ಹುಡುಕುತ್ತಾನೆ. ಹಸಿರು ಅನ್ನಬಹುದಾದ ಕಣ್ಣು ಅಲ್ಲಿ ಒಬ್ಬ ನಾವಿಕನಿಗೆ ಮಾತ್ರ. ಮಧ್ಯಾಹ್ನ ಬಯಲಿನಲ್ಲಿ ಒಬ್ಬ ವಿಚಿತ್ರ ಮುದುಕ ಬಂದು ಪಕ್ಕ ಕೂತು ಮಾತಾಡುತ್ತಾನೆ, ಹುಡುಗ ತಲೆಯೆತ್ತಿ ನೋಡಿದರೆ ಅದುರುವ ಹಣೆಯ ಕೆಳಗಿನಿಂದ ಬಾಟಲಿ ಹಸಿರಿನ ಎರಡು ಕಣ್ಣು ಅವನನ್ನೇ ದಿಟ್ಟಿಸುತ್ತಿವೆ. ಹುಡುಕಿದ್ದು ನಿಜವಾಗಿ ಸಿಕ್ಕಿದ್ದು ಸಿಗಬಾರದ ಮುಖದಲ್ಲಿ. ನೋಡಲು ಹೋದವನನ್ನು ಅದೇ ತಿರುಗಿ ನೋಡಿತು. 'ಅರಬಿ'ಯಲ್ಲಿ ತಿರುಗಿ ನೋಡುವುದು ಕತ್ತಲೆ. ದೀಪ ಆರಿತು ಅಂತ ಯಾರೋ ಕೂಗುತ್ತಾರೆ, ಸಭಾಂಗಣದ ಮೇಲ್ಭಾಗ ಪೂರ್ತಿ ಕತ್ತಲಾಗುತ್ತದೆ, ಹುಡುಗ ತಲೆಯೆತ್ತಿ ಆ ಕತ್ತಲೆಯನ್ನು ದಿಟ್ಟಿಸುತ್ತಾನೆ. ಅಲ್ಲಿ ಅವನಿಗೆ ಅವನೇ ಕಾಣುತ್ತಾನೆ, ಪೊಳ್ಳು ಹಮ್ಮು ಓಡಿಸಿ ಗೇಲಿ ಮಾಡಿದ ಒಂದು ಜೀವಿಯಾಗಿ. ಕಣ್ಣು ಸಂಕಟದಿಂದ, ಸಿಟ್ಟಿನಿಂದ ಉರಿಯುತ್ತದೆ. ಹಿಂದೆ ಪಾದ್ರಿಯ ಕೋಣೆಯ ಕತ್ತಲೆಯಲ್ಲಿ ನಿಂತು, ಕಾಣುವುದು ಇಷ್ಟು ಕಡಿಮೆಯಾಯಿತಲ್ಲ ಅಂತ ನೆಮ್ಮದಿ ಪಟ್ಟವನು ಇವನೇ.

'ಡಬ್ಲಿನರ್ಸ್'ನಲ್ಲಿ ಮೊದಲ ಮೂರು ಕಥೆಗಳನ್ನು ಹುಡುಗರು 'ನಾನು' ಅಂತ ಹೇಳುತ್ತಾರೆ. 'ಅರಬಿ' ಮೂರನೆಯದು. ಪುಟ ತಿರುಗಿಸಿದರೆ ನಾಲ್ಕನೆಯ ಕಥೆ 'ಎವಲಿನ್' ಶುರುವಾಗುವುದು 'ಅವಳು' ಅಂತ, ಹತ್ತೊಂಬತ್ತು ದಾಟಿದ ಹುಡುಗಿಯೊಬ್ಬಳು ಕಿಟಕಿಯ ಪಕ್ಕ ಕೂತಿದ್ದಾಳೆ, ಅವಳನ್ನು ಬೇರೆ ಯಾರೋ ಹೊರಗಿನಿಂದ ನೋಡಿ ಹೇಳುತ್ತಿದ್ದಾರೆ. ಇದೂ ಸೇರಿ ಉಳಿದ ಹನ್ನೆರಡೂ ಕಥೆಗಳು ಹಾಗೇ. ಆ ಹುಡುಗ ತನ್ನನ್ನು ಹೊರಗಿನಿಂದ ಕಂಡ ಆ ವಾಕ್ಯದ ನಂತರ, ಇಡೀ ಪುಸ್ತಕದಲ್ಲಿ ಒಬ್ಬರೂ ತಮ್ಮ ಕಥೆಯನ್ನು 'ನಾನು' ಅಂತ ಹೇಳಿಕೊಳ್ಳುವುದಿಲ್ಲ.